ಅಂಚಿನ ಕಂಬಕ್ಕೂ ತಲೆಯ ಮೇಲಿನ ಕೊಳವೆಗೂ ಒಂದೇ ರಾಸಾಯನಿಕ ಆ್ಯಂಕರ್ ಸಾಕೇ?

ಪ್ರಶ್ನೆ

ಈಗಾಗಲೇ ಗಟ್ಟಿಯಾಗಿರುವ ಕಾಂಕ್ರೀಟಿನಲ್ಲಿ ರಂಧ್ರ ಕೊರೆದು ಉಕ್ಕಿನ ಸರಳುಗಳನ್ನು ರಾಳದಿಂದ ಕೂರಿಸಬೇಕಾದ, ಅಂದರೆ ರಾಸಾಯನಿಕ ಆ್ಯಂಕರ್ ಹಾಕಬೇಕಾದ, ಎರಡು ಕೆಲಸಗಳು ನಮ್ಮ ಮುಂದಿವೆ. ಮೊದಲನೆಯದು, ತೊಲೆಯೊಂದರ ಮೇಲೆ ನಿಲ್ಲುವ ಉಕ್ಕಿನ ಕಂಬದ ತಳಫಲಕ. ಅದರ ನಾಲ್ಕು 16 ಮಿ.ಮೀ. ಬೋಲ್ಟುಗಳಲ್ಲಿ ಎರಡು ತೊಲೆಯ ಅಂಚಿನಿಂದ 90 ಮಿ.ಮೀ. ದೂರದಲ್ಲಷ್ಟೇ ಬರುತ್ತವೆ. ಎರಡನೆಯದು, ಚಾವಣಿಯ ತಳದಿಂದ ನೀರಿನ ದಪ್ಪ ಕೊಳವೆಗಳನ್ನು ತೂಗುಹಾಕುವ ಆಧಾರಗಳು; ಇವುಗಳ ಮೇಲೆ ಭಾರ ಹಗಲಿರುಳೂ ಇರುತ್ತದೆ. ಪಾಲಿಯೆಸ್ಟರ್, ವಿನೈಲೆಸ್ಟರ್, ಶುದ್ಧ ಎಪಾಕ್ಸಿ ಎಂಬ ಮೂರು ಬಗೆಯ ರಾಳಗಳು ಸಿಗುತ್ತಿವೆ. ಕ್ಯಾಟಲಾಗಿನಲ್ಲಿ ಅತಿ ಹೆಚ್ಚು ಅಂಟುಬಲ ತೋರಿಸುವ ಎಪಾಕ್ಸಿಯನ್ನೇ ಎರಡೂ ಕಡೆ ಬಳಸಿ, ಅಂಚಿನಲ್ಲಿರುವ ರಂಧ್ರಗಳನ್ನು ಇನ್ನಷ್ಟು ಆಳ ಮಾಡಿದರೆ ಸಾಕಾಗುವುದೇ?

ಮೊದಲ ಉತ್ತರ

ಅಂಟುಬಲದ ಅಂಕಿಯೊಂದನ್ನೇ ನೋಡಿ ಆರಿಸಬೇಡಿ. ಎಳೆತಕ್ಕೆ ಸಿಕ್ಕ ಆ್ಯಂಕರ್ ಉಕ್ಕು ತುಂಡಾಗಿ ಸೋಲಬಹುದು, ರಾಳದ ಹಿಡಿತ ಬಿಟ್ಟು ಜಾರಬಹುದು, ಸುತ್ತಲಿನ ಕಾಂಕ್ರೀಟು ಶಂಕುವಿನ ಆಕಾರದಲ್ಲಿ ಕಿತ್ತು ಬರಬಹುದು, ಇಲ್ಲವೇ ಕಾಂಕ್ರೀಟೇ ಸೀಳಬಹುದು. ಬಲವಾದ ರಾಳದಿಂದ ನೇರವಾಗಿ ಸುಧಾರಿಸುವುದು ಇವುಗಳಲ್ಲಿ ಎರಡನೆಯದು ಮಾತ್ರ.

ನಿಮ್ಮ ಅಂಚಿನ ಬೋಲ್ಟುಗಳ ಮಟ್ಟಿಗೆ ನನಗೆ ಹೆಚ್ಚು ಆತಂಕವಿರುವುದು ಕಾಂಕ್ರೀಟಿನ ಬಗ್ಗೆಯೇ. ಶಂಕು ಪೂರ್ಣವಾಗಿ ರೂಪುಗೊಳ್ಳಲು ಎಲ್ಲ ಕಡೆಯೂ ಆಳದ ಒಂದೂವರೆ ಪಟ್ಟು ಜಾಗ ಬೇಕು. ರಂಧ್ರದ ಆಳ 125 ಮಿ.ಮೀ. ಎಂದಿಟ್ಟುಕೊಂಡರೆ ಅಂಚಿನವರೆಗೆ ಸುಮಾರು 188 ಮಿ.ಮೀ. ಇರಬೇಕಾಗುತ್ತದೆ, ನಿಮ್ಮಲ್ಲಿರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಅಂಚುಗಳು ದೂರವಿರುವಾಗ ಆಳ ಇಮ್ಮಡಿಯಾದರೆ ಕಾಂಕ್ರೀಟಿನ ಶಕ್ತಿ ಸುಮಾರು 2.8 ಪಟ್ಟು ಏರುತ್ತದೆಂಬುದು ನಿಜ, ಆದರೆ ಅಂಚು ಹತ್ತಿರವಿದ್ದಾಗ ಆ ಏರಿಕೆಯ ದೊಡ್ಡ ಪಾಲು ಕೈತಪ್ಪುತ್ತದೆ. ಅಂಚಿನ ಕಡೆಗೆ ಪಕ್ಕಬಲವೂ ಬರುವುದಾದರೆ ಅಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಅಂಚಿನ ದೂರವೇ. ಆಳ ಹೆಚ್ಚಿಸಿ ಅದನ್ನು ಸರಿದೂಗಿಸಲಾಗದು. ಸಾಧ್ಯವಿದ್ದರೆ ತಳಫಲಕವನ್ನು ಒಳಕ್ಕೆ ಸರಿಸಿ, ಅಥವಾ ತೊಲೆಯ ಆಚೆ ಬದಿಗೂ ಫಲಕವಿಟ್ಟು ಬೋಲ್ಟುಗಳನ್ನು ಆರಪಾರು ಹಾಯಿಸಿ. ಯಾವ ರಾಳ ಎಂಬ ಪ್ರಶ್ನೆ ಅದರ ನಂತರದ್ದು.

ಇನ್ನೊಂದು ಮಾತು. ತೊಲೆಯಲ್ಲಾಗಲಿ ಚಾವಣಿಯ ತಳದಲ್ಲಾಗಲಿ ಎಳೆತದ ಭಾಗದಲ್ಲಿರುವ ಕಾಂಕ್ರೀಟು ಬಿರುಕು ಬಿಟ್ಟಿದೆ ಎಂದೇ ಭಾವಿಸಿ ಲೆಕ್ಕ ಹಾಕಬೇಕು. ಕೂದಲೆಳೆಯಂತಹ ಬಿರುಕೊಂದು ರಂಧ್ರದ ಮೂಲಕ ಹಾದುಹೋದರೂ ಅಂಟುಬಲ ಗಣನೀಯವಾಗಿ ಕುಸಿಯುತ್ತದೆ. ಆದ್ದರಿಂದ ಬಿರುಕಿರುವ ಕಾಂಕ್ರೀಟಿಗೆ ಪ್ರತ್ಯೇಕವಾಗಿ ಅನುಮೋದನೆ ಪಡೆದ ಉತ್ಪನ್ನವನ್ನೇ ಕೇಳಿ. ಆ ಅನುಮೋದನೆಯಿಲ್ಲದ ಪಾಲಿಯೆಸ್ಟರ್ ರಾಳಗಳನ್ನು ಈ ಎರಡೂ ಕೆಲಸಗಳ ಪಟ್ಟಿಯಿಂದ ಈಗಲೇ ತೆಗೆದುಹಾಕಬಹುದು.

ಎರಡನೆಯ ಉತ್ತರ

ವಿನ್ಯಾಸದ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನಿವೇಶನದಲ್ಲಿ ಆ್ಯಂಕರಿನ ಹಣೆಬರಹ ಬರೆಯುವುದು ರಂಧ್ರದೊಳಗಿನ ದೂಳು. ಕೊರೆದಾಗ ಏಳುವ ನುಣ್ಣನೆಯ ಪುಡಿ ಗೋಡೆಗೆ ಮೆತ್ತಿಕೊಂಡಿದ್ದರೆ ರಾಳ ಹಿಡಿಯುವುದು ಪುಡಿಯನ್ನೇ ಹೊರತು ಕಾಂಕ್ರೀಟನ್ನಲ್ಲ. ಎಣ್ಣೆಯಂಶವಿಲ್ಲದ ಸಂಪೀಡಿತ ಗಾಳಿಯಿಂದ ತಳದಿಂದಲೇ ಊದಿ, ರಂಧ್ರದ ಅಳತೆಗೆ ಸರಿಹೊಂದುವ ತಂತಿಯ ಕುಂಚದಿಂದ ಉಜ್ಜಿ, ಮತ್ತೆ ಊದಬೇಕು. ಎಷ್ಟು ಸಲ ಎಂಬುದನ್ನು ಆಯಾ ಉತ್ಪನ್ನದ ಕೈಪಿಡಿ ಹೇಳುತ್ತದೆ, ಅದರಲ್ಲಿ ಒಂದು ಸಲವನ್ನೂ ಕಡಿಮೆ ಮಾಡಬಾರದು.

ವಜ್ರದ ಹಲ್ಲಿನ ಕೋರ್ ಯಂತ್ರದಿಂದ ಕೊರೆದ ರಂಧ್ರದ ಗೋಡೆ ನುಣುಪಾಗಿರುವುದರಿಂದ, ಅಂತಹ ರಂಧ್ರಕ್ಕೆ ಅನುಮೋದಿತವಲ್ಲದ ರಾಳವನ್ನು ಬಳಸಬೇಡಿ. ರಾಳ ತುಂಬಿ ಬರುವ ಹೊಸ ಕಾರ್ಟ್ರಿಜ್‌ನಿಂದ ಮೊದಲು ಹೊರಬರುವುದನ್ನು ಬಣ್ಣ ಒಂದೇ ಸಮನಾಗುವವರೆಗೆ ಹೊರಗೆ ಚೆಲ್ಲಿ. ಅಮೆರಿಕದ ಕಾಂಕ್ರೀಟು ಕಟ್ಟಡಗಳ ನಿಯಮಾವಳಿಯಾದ ಎಸಿಐ 318 ಸಂಹಿತೆ ಇಂತಹ ಆ್ಯಂಕರುಗಳಿಗೆ ಕಾಂಕ್ರೀಟಿನ ವಯಸ್ಸು ಕನಿಷ್ಠ 21 ದಿನ ಆಗಿರಬೇಕೆನ್ನುತ್ತದೆ. ನಿಮ್ಮದು ಹಳೆಯದಾದ್ದರಿಂದ ಆ ಚಿಂತೆಯಿಲ್ಲ.

ವಿನೈಲೆಸ್ಟರ್ ಬೇಗ ಗಟ್ಟಿಯಾಗುತ್ತದೆ, ಚಳಿಯಲ್ಲೂ ಕೆಲಸ ಸಾಗುತ್ತದೆ. ಎಪಾಕ್ಸಿ ಸಾಮಾನ್ಯವಾಗಿ ನಿಧಾನ, ಹಾಗಾಗಿ ಆಳವಾದ ರಂಧ್ರದಲ್ಲಿ ಸರಳನ್ನು ಸಾವಧಾನವಾಗಿ ತಿರುಗಿಸುತ್ತ ಕೂರಿಸಲು ಸಮಯ ಸಿಗುತ್ತದೆ.

ಪ್ರಶ್ನಿಸಿದವರ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು. ತಳಫಲಕವನ್ನು ಒಳಕ್ಕೆ ಸರಿಸಲು ವಿನ್ಯಾಸಕಾರರನ್ನು ಕೇಳುತ್ತೇನೆ. ಕೊಳವೆಗಳ ವಿಷಯದಲ್ಲಿ ನಮ್ಮ ಗುತ್ತಿಗೆದಾರರು, ಪ್ರತಿ ಆ್ಯಂಕರನ್ನೂ ಜಾಕಿನಿಂದ ಎಳೆದು ಪರೀಕ್ಷಿಸಿದರೆ ಮತ್ತಾವ ಸಂದೇಹವೂ ಉಳಿಯದು ಎನ್ನುತ್ತಿದ್ದಾರೆ. ಅದು ಸರಿಯೇ?

ಮೂರನೆಯ ಉತ್ತರ

ಸರಿಯಲ್ಲ, ಮತ್ತು ಈ ತಪ್ಪುಗ್ರಹಿಕೆಗೆ ಜೀವಗಳು ಬಲಿಯಾಗಿವೆ. ರಾಳವು ಸತತ ಎಳೆತದಲ್ಲಿ ನಿಧಾನವಾಗಿ ಹಿಗ್ಗುತ್ತ ಹೋಗುತ್ತದೆ; ಇದನ್ನೇ ಕ್ರೀಪ್ ಎನ್ನುವುದು. ಕೆಲವೇ ನಿಮಿಷ ಎಳೆಯುವ ಜಾಕಿಗೆ ವರ್ಷಗಟ್ಟಲೆ ನಡೆಯುವ ಈ ಜಾರುವಿಕೆ ಕಾಣುವುದೇ ಇಲ್ಲ.

2006ರ ಜುಲೈ 10ರಂದು ಬಾಸ್ಟನ್‌ನ ಸುರಂಗ ರಸ್ತೆಯೊಂದರಲ್ಲಿ ಎಪಾಕ್ಸಿ ಆ್ಯಂಕರುಗಳಿಂದ ತೂಗಿದ್ದ ಕಾಂಕ್ರೀಟು ಚಾವಣಿ ಫಲಕಗಳು ಕಾರಿನ ಮೇಲೆ ಬಿದ್ದು ಮಹಿಳೆಯೊಬ್ಬರು ಮೃತಪಟ್ಟರು. ಆ ಆ್ಯಂಕರುಗಳನ್ನು ಕೂರಿಸಿದಾಗ ಎಳೆತದ ಪರೀಕ್ಷೆ ನಡೆದಿತ್ತು. ಕ್ರೀಪ್ ತಡೆಯುವ ಶಕ್ತಿ ಕಡಿಮೆಯಿದ್ದ, ಬೇಗ ಗಟ್ಟಿಯಾಗುವ ಎಪಾಕ್ಸಿಯನ್ನು ಬಳಸಿದ್ದೇ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2007ರಲ್ಲಿ ನಿರ್ಧರಿಸಿತು. 2012ರ ಡಿಸೆಂಬರ್ 2ರಂದು ಜಪಾನಿನ ಸಸಾಗೊ ಸುರಂಗದಲ್ಲಿ ಚಾವಣಿ ಫಲಕಗಳು ಕುಸಿದು 9 ಮಂದಿ ಸತ್ತರು. ಅಲ್ಲಿಯೂ ತೂಗುಬೋಲ್ಟುಗಳನ್ನು ರಾಳದಿಂದಲೇ ಕೂರಿಸಲಾಗಿತ್ತು, ಅವುಗಳ ತಪಾಸಣೆಯಲ್ಲಿಯೂ ಕೊರತೆಯಿತ್ತು.

ಎಸಿಐ 318 ಈಗ ಸತತ ಎಳೆತವನ್ನು ಹೊರುವ ಆ್ಯಂಕರುಗಳಲ್ಲಿ ಅಂಟುಬಲದ ವಿನ್ಯಾಸ ಮೌಲ್ಯದ 0.55 ಪಾಲನ್ನು ಮಾತ್ರ ಬಳಸಲು ಬಿಡುತ್ತದೆ. ಅಡ್ಡಲಾಗಿ ಅಥವಾ ಮೇಲ್ಮುಖವಾಗಿ ಕೂರಿಸುವ ಅಂತಹ ಆ್ಯಂಕರುಗಳಿಗೆ ಪ್ರಮಾಣೀಕೃತ ಕೆಲಸಗಾರರೇ ಬೇಕೆನ್ನುತ್ತದೆ. ಮೇಲ್ಮುಖ ರಂಧ್ರದಲ್ಲಿ ರಾಳ ಇಳಿದು ಗಾಳಿಯ ಪೊಳ್ಳು ಉಳಿಯುವುದು ಸುಲಭವಾದ್ದರಿಂದ ಈ ಕಟ್ಟುನಿಟ್ಟು ನನಗೆ ಅತಿಯೆನಿಸುವುದಿಲ್ಲ. ಬಿಸಿಯಾದರೆ ರಾಳ ಮೆತ್ತಗಾಗುತ್ತದೆ ಎಂಬುದನ್ನೂ ಬೆಂಕಿಯ ದೃಷ್ಟಿಯಿಂದ ನೆನಪಿಡಬೇಕು.

ಕೊಳವೆಗಳಿಗೆ ನನ್ನ ಸಲಹೆ, ಬಿರುಕಿರುವ ಕಾಂಕ್ರೀಟಿಗೆ ಅನುಮೋದಿತವಾದ ಯಾಂತ್ರಿಕ ಆ್ಯಂಕರುಗಳು, ಅಂದರೆ ರಾಳವಿಲ್ಲದೆ ಉಕ್ಕಿನ ಹಿಡಿತದಿಂದಲೇ ನಿಲ್ಲುವಂಥವು. ರಂಧ್ರದ ತಳವನ್ನು ಅಗಲಿಸಿ ಅಲ್ಲಿ ಉಕ್ಕು ಸಿಕ್ಕಿಕೊಳ್ಳುವಂತೆ ಮಾಡುವ ಅಂಡರ್‌ಕಟ್ ಬಗೆಯವಾದರೆ ಇನ್ನೂ ಒಳ್ಳೆಯದು. ಚಾವಣಿಯ ಮೇಲ್ಭಾಗ ಕೈಗೆಟಕುವುದಾದರೆ ಆರಪಾರು ಬೋಲ್ಟಿಗೆ ಮೇಲಿನಿಂದ ಫಲಕ ಹಾಕಿ. ಜಾಕಿನ ಪರೀಕ್ಷೆಯನ್ನು ಬಿಡಬೇಕೆಂದಿಲ್ಲ, ಆದರೆ ಜಾಕಿನ ಕಾಲುಗಳು ಆ್ಯಂಕರಿಗೆ ತಾಗಿಕೊಂಡಿದ್ದರೆ ಅವು ಸುತ್ತಲಿನ ಕಾಂಕ್ರೀಟನ್ನು ಒತ್ತಿಹಿಡಿದು ಶಂಕು ಕಿತ್ತುಬರದಂತೆ ತಡೆಯುತ್ತವೆ. ಅಂತಹ ಪರೀಕ್ಷೆ ಅಂಟಿನ ಅಂದಿನ ಹಿಡಿತವನ್ನಷ್ಟೇ ಅಳೆಯುತ್ತದೆ. ಕಾಂಕ್ರೀಟಿನ ಶಕ್ತಿಯೂ ತಿಳಿಯಬೇಕಾದರೆ ಕಾಲುಗಳನ್ನು ದೂರ ಇರಿಸುವ ಚೌಕಟ್ಟನ್ನು ಗುತ್ತಿಗೆದಾರರಿಂದ ಕೇಳಿ.