ಮಗಳಿಗೆ ಎಂಯುಎನ್‌ನಲ್ಲಿ ಮಾಲ್ಡೀವ್ಸ್ ಸಿಕ್ಕಿದೆ, ತಯಾರಿ ಹೇಗೆ?

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ತಾಯಿ): ಮಗಳು ಒಂಬತ್ತನೇ ಕ್ಲಾಸು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಮಾಡೆಲ್ ಯುನೈಟೆಡ್ ನೇಷನ್ಸ್ (ಎಂಯುಎನ್) ಇದೆ, ಮಕ್ಕಳು ಒಂದೊಂದು ದೇಶದ ಪ್ರತಿನಿಧಿಯಾಗಿ ವಾದ ಮಾಡುವ ಅಣಕು ವಿಶ್ವಸಂಸ್ಥೆ. ಹವಾಮಾನ ಬದಲಾವಣೆ ಸಮಿತಿಯಲ್ಲಿ ಮಾಲ್ಡೀವ್ಸ್ ಕೊಟ್ಟಿದ್ದಾರೆ. ಅಮೆರಿಕ ಸಿಗಲಿಲ್ಲ ಅಂತ ಮುಖ ಊದಿಸಿಕೊಂಡಿದ್ದಾಳೆ. ಏಳನೇ ತರಗತಿವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ತಡವರಿಸುತ್ತೆ. ಹೋಗಿಬಂದವರು, ಮಕ್ಕಳನ್ನು ಕಳಿಸಿದವರು ದಯವಿಟ್ಟು ಹೇಳಿ.

ಕಾಲೇಜು ವಿದ್ಯಾರ್ಥಿ, ಹೈಸ್ಕೂಲಿನಿಂದ ಎಂಯುಎನ್ ಹುಚ್ಚು: ಅಕ್ಕ, ಆ ಸಮಿತಿಯಲ್ಲಿ ಮಾಲ್ಡೀವ್ಸ್ ಸಿಗೋದು ಅದೃಷ್ಟ. ಅಮೆರಿಕದವರು ಇಡೀ ದಿನ ಸಮಜಾಯಿಷಿ ಕೊಡ್ತಾ ಕೂರಬೇಕು, ಮಾಲ್ಡೀವ್ಸ್ ಪ್ರಶ್ನೆ ಕೇಳುವ ಕಡೆ ಇರುತ್ತೆ. ಅಲ್ಲಿನ ನೆಲದ ಸುಮಾರು ಶೇ. 80 ಭಾಗ ಸಮುದ್ರಮಟ್ಟದಿಂದ ಒಂದು ಮೀಟರೂ ಮೇಲಿಲ್ಲ. 2009ರಲ್ಲಿ ಅಧ್ಯಕ್ಷ ಮೊಹಮದ್ ನಶೀದ್ ನೀರಿನಡಿ ಸಂಪುಟ ಸಭೆ ಮಾಡಿದ್ದು ಎಲ್ಲರಿಗೂ ಗೊತ್ತು. ಅದೊಂದನ್ನೇ ನೆಚ್ಚಿಕೊಂಡರೆ ಮೊದಲ ಭಾಷಣಕ್ಕೇ ಸರಕು ಖಾಲಿ. ಸಣ್ಣ ದ್ವೀಪ ದೇಶಗಳು 1990ರಲ್ಲಿ ಕಟ್ಟಿಕೊಂಡ ಒಕ್ಕೂಟದ ಬಗ್ಗೆ ಓದಲಿ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ತಾಪ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಮಾತು ಸೇರಿದ್ದರಲ್ಲಿ ಇವರ ಪಟ್ಟು ದೊಡ್ಡದು. 2022ರಲ್ಲಿ ಈಜಿಪ್ಟಿನಲ್ಲಿ ಒಪ್ಪಿಗೆಯಾದ 'ನಷ್ಟ ಮತ್ತು ಹಾನಿ' ನಿಧಿಯನ್ನಂತೂ (ಹವಾಮಾನ ಬದಲಾವಣೆಯಿಂದ ಪೆಟ್ಟು ತಿಂದ ದೇಶಗಳಿಗೆ ನೆರವಿನ ಹಣ) ಬಿಡಬಾರದು.

ಇಕ್ಕಟ್ಟಿನ ಪ್ರಶ್ನೆಯೂ ಬರುತ್ತೆ: "ನಿಮ್ಮ ದೇಶ ಬದುಕಿರೋದೇ ವಿಮಾನದಲ್ಲಿ ಬರೋ ಪ್ರವಾಸಿಗರಿಂದ, ಆ ಹೊಗೆ ಯಾರ ಲೆಕ್ಕಕ್ಕೆ?" ಇದಕ್ಕೆ ಉತ್ತರ ಮನೆಯಲ್ಲೇ ಸಿದ್ಧವಾಗಲಿ.

ನಿಜವಾದ ಆಟ ಇರೋದು ಅನ್‌ಮಾಡರೇಟೆಡ್ ಕಾಕಸ್‌ನಲ್ಲಿ. ಎಲ್ಲರೂ ಕುರ್ಚಿ ಬಿಟ್ಟೆದ್ದು ಗುಂಪು ಕಟ್ಟೋ ಹೊತ್ತು ಅದು. ಪಳಗಿದವರು ಒಂದು ಲ್ಯಾಪ್‌ಟಾಪ್ ಸುತ್ತ ಮುತ್ತಿಕೊಂಡು ಕರಡು ನಿರ್ಣಯ ಬರೀತಿರ್ತಾರೆ, ಹೊಸಬರಿಗೆ ಪರದೆಯೂ ಕಾಣಲ್ಲ. ಅಲ್ಲಿ ನುಗ್ಗೋದು ಬೇಡ. ಎರಡು ಮೂರು ಕ್ಲಾಸ್ (clause, ಅಂದ್ರೆ ನಿರ್ಣಯದ ಒಂದೊಂದು ಅಂಶ) ಬರೆದ ಹಾಳೆ ಹಿಡಿದು ಫಿಜಿ, ತುವಾಲು, ಬಾಂಗ್ಲಾದೇಶದವರ ಹತ್ತಿರ ಹೋಗಲಿ. ಬರೆದದ್ದು ಕೈಯಲ್ಲಿದ್ದರೆ ಯಾರೂ ಬೇಡ ಅನ್ನಲ್ಲ.

ಹೈಸ್ಕೂಲ್ ಶಿಕ್ಷಕ, ಮಂಡ್ಯ: ಇಂಗ್ಲಿಷ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ನಮ್ಮಲ್ಲಿ ಮೊದಲ ಅಭ್ಯಾಸ ಪೂರ್ತಿ ಕನ್ನಡದಲ್ಲೇ. ನೀವು ಸೌದಿ ಅರೇಬಿಯಾ ಆಗಿ, ಮಗಳು ಮಾಲ್ಡೀವ್ಸ್ ಆಗಲಿ, ಊಟ ಆದಮೇಲೆ ಜಗಳ ಆಡಿ. ವಾದ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತಂದರಾಯ್ತು. ಒಂದೂವರೆ ನಿಮಿಷದ ಭಾಷಣಕ್ಕೆ ನೂರೈವತ್ತು ಪದ ಧಾರಾಳ. ಸಭೆಯ ನಿಯಮದ ವಾಕ್ಯಗಳು ಬೆರಳೆಣಿಕೆಯಷ್ಟು, ಬಾಯಿಪಾಠ ಮಾಡಿಸಿ. "ನಾನು" ಅನ್ನೋ ಹಾಗಿಲ್ಲ, "ಮಾಲ್ಡೀವ್ಸ್ ಪ್ರತಿನಿಧಿ" ಅನ್ನಬೇಕು. ಹಾಜರಿ ಕೂಗಿದಾಗ "ಪ್ರೆಸೆಂಟ್ ಆ್ಯಂಡ್ ವೋಟಿಂಗ್" ಅಂದುಬಿಟ್ಟರೆ ಮತದಾನದಲ್ಲಿ ತಟಸ್ಥ ಉಳಿಯೋಕಾಗಲ್ಲ, ಬರೀ "ಪ್ರೆಸೆಂಟ್" ಅಂದರೆ ಆ ದಾರಿ ತೆರೆದಿರುತ್ತೆ. ಇನ್ನು ಚೀಟಿ, ಸಭೆ ನಡೀತಿರುವಾಗಲೇ ಪ್ರತಿನಿಧಿಗಳು ಒಬ್ಬರಿಗೊಬ್ಬರು ಬರೆದು ಕಳಿಸೋದು. ಮಾತಿಗೆ ಅಳುಕುವ ಮಕ್ಕಳು ಚೀಟಿಯಲ್ಲಿ ಎದುರಾಳಿಯ ಬೆವರಿಳಿಸೋದನ್ನ ನೋಡಿದ್ದೀನಿ!

ಒಬ್ಬ ತಾಯಿ, ಹುಬ್ಬಳ್ಳಿ: ಹೊಸ ಸೂಟು ಹೊಲಿಸಬೇಡ್ರೀ, ಶಾಲೆಯ ಬ್ಲೇಜರ್ ಸಾಕು. ಫೀಸಿನಾಗ ಊಟ, ವಸತಿ ಸೇರೇತೇನು ಅಂತ ಮೊದಲೇ ಕೇಳ್ಕೋರಿ. ನಮಗ ಅಲ್ಲಿ ಹೋದಮ್ಯಾಲೆ ಬ್ಯಾರೆ ರೊಕ್ಕ ಕೇಳಿದ್ರು.

ಸಭೆ ನಡೆಸುವ ಎಕ್ಸಿಕ್ಯೂಟಿವ್ ಬೋರ್ಡ್‌ನಲ್ಲಿ ಕೂತು ಅಂಕ ಹಾಕಿದವರು: ಮೊದಲ ಉತ್ತರಕ್ಕೆ ಒಂದು ತಕರಾರು. ಮನೆಯಿಂದ ಬರೆದು ತಂದ ಕರಡು ನಿರ್ಣಯವನ್ನು ಎಷ್ಟೋ ಕಡೆ ಒಪ್ಪಲ್ಲ. ಟಿಪ್ಪಣಿ ತರಲಿ, ಕ್ಲಾಸ್ ಅಲ್ಲೇ ಬರೆಯಲಿ. "ಜಾಗೃತಿ ಮೂಡಿಸಬೇಕು" ಅನ್ನೋ ಕ್ಲಾಸ್ ಪ್ರತಿ ಗುಂಪಿನಿಂದಲೂ ಬರುತ್ತೆ, ಓದಿ ಓದಿ ಸಾಕಾಗಿದೆ. ದುಡ್ಡು ಯಾರದು, ಯಾವ ಸಂಸ್ಥೆಯ ಮೂಲಕ, ಎಷ್ಟು ವರ್ಷದೊಳಗೆ ಅಂತ ಇದ್ದರೆ ನಾವು ತಲೆಯೆತ್ತಿ ನೋಡ್ತೀವಿ. 2014ರ ಡಿಸೆಂಬರಿನಲ್ಲಿ ಮಾಲೆಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿದ್ದು ಇಡೀ ರಾಜಧಾನಿಗೆ ಕುಡಿಯುವ ನೀರಿಲ್ಲದಂತಾಯ್ತು, ಭಾರತ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳಿಸಿತು. ಇದನ್ನು ಹಿಡಿದು, ದ್ವೀಪಗಳಿಗೆ ಬದಲಿ ನೀರಿನ ಘಟಕಕ್ಕೆ ಆ 'ನಷ್ಟ ಮತ್ತು ಹಾನಿ' ನಿಧಿಯಿಂದ ಹಣ ಕೇಳುವ ಕ್ಲಾಸ್ ಬರೆದರೆ, ಬಾಂಗ್ಲಾದೇಶವೂ ಸಹಿ ಹಾಕುತ್ತೆ, ಭಾರತದ ಪ್ರತಿನಿಧಿಯೂ ಬೇಡ ಅನ್ನಲಾರ. ಆಧಾರ ಕೇಳಿದಾಗ ವಿಕಿಪೀಡಿಯ ತೋರಿಸಬೇಡಿ. ವಿಶ್ವಸಂಸ್ಥೆಯ ದಾಖಲೆ, ಸರ್ಕಾರಿ ಹೇಳಿಕೆ ಅಥವಾ ರಾಯಿಟರ್ಸ್ ಸುದ್ದಿಯ ಪ್ರಿಂಟ್ ತನ್ನಿ. ಹಾಲ್‌ನಲ್ಲಿ ನೆಟ್ ಸಿಗುತ್ತೆ ಅಂತ ನಂಬಿಕೊಂಡು ಬರಬೇಡಿ.