ಪ್ರಶ್ನೋತ್ತರ: ಮಾಜಿ ಸೈನಿಕರ ಮನೆಯವರ ಪಿಂಚಣಿ ಕಾಗದಪತ್ರ

ನಿರ್ವಾಹಕ: ಇವತ್ತು ರಾತ್ರಿ ಒಂಬತ್ತರವರೆಗೆ ಸುಬೇದಾರ್ ಸಾಹೇಬರು (ನಿವೃತ್ತ ಕ್ಲರ್ಕ್, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಪೆನ್ಶನ್ ವಿಭಾಗ) ಉತ್ತರ ಕೊಡ್ತಾರೆ. ಸರ್ವಿಸ್ ನಂಬರ್, ಆಧಾರ್ ನಂಬರ್ ಇಲ್ಲಿ ಹಾಕಬೇಡಿ.

ಮಂಜುಳಾ, ಹಾಸನ: ಸರ್, ಅಮ್ಮನಿಗೆ 82. ಫ್ಯಾಮಿಲಿ ಪೆನ್ಶನ್ ಬರ್ತಿದೆ. ಲೈಫ್ ಸರ್ಟಿಫಿಕೇಟಿಗೆ ಬ್ಯಾಂಕಿಗೇ ಕರ್ಕೊಂಡು ಹೋಗಬೇಕಾ?

ಸುಬೇದಾರ್: ಬೇಡಮ್ಮ. ಫೋನಿನಲ್ಲಿ ಜೀವನ್ ಪ್ರಮಾಣ್, ಆಧಾರ್ ಫೇಸ್ ಆರ್‌ಡಿ ಎರಡೂ ಆ್ಯಪ್ ಹಾಕಿ, ಮುಖ ತೋರಿಸಿದರೆ ಆಯ್ತು. ಪಿಂಚಣಿ ಹಂಚುವವರು ಯಾರು ಅನ್ನೋ ಕಡೆ ‘ಸ್ಪರ್ಶ್ - ಪಿಸಿಡಿಎ’ ಆರಿಸಿ. ಸ್ಪರ್ಶ್ ಅಂದರೆ ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆ, ಪಿಸಿಡಿಎ ಅಂದರೆ ಅದನ್ನು ನೋಡಿಕೊಳ್ಳುವ ಪ್ರಯಾಗ್‌ರಾಜ್‌ನ ಲೆಕ್ಕಪತ್ರ ಕಚೇರಿ. ಹಳೇ ಅಭ್ಯಾಸದಲ್ಲಿ ಬ್ಯಾಂಕ್ ಹೆಸರು ಒತ್ತಿದರೆ ಸರ್ಟಿಫಿಕೇಟ್ ಬರುತ್ತೆ, ಆದರೆ ಸ್ಪರ್ಶ್‌ಗೆ ಮುಟ್ಟಲ್ಲ, ತಪ್ಪಾಗೋದೇ ಇಲ್ಲಿ. 80 ದಾಟಿದವರು ನವೆಂಬರ್ ತನಕ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು. ಜೊತೆಗೆ 80 ತುಂಬಿದ ಮೇಲೆ ಮೂಲ ಪಿಂಚಣಿಗೆ 20% ಸೇರಿದೆಯಾ ನೋಡಿ. ಪಿಪಿಒದಲ್ಲಿ (ಪಿಂಚಣಿ ಮಂಜೂರಾತಿ ಆದೇಶ) ಅಮ್ಮನ ಜನ್ಮದಿನಾಂಕ ಇಲ್ಲದಿದ್ದರೆ ಸೇರಿರಲ್ಲ.

ರವಿ, ಗೋಕಾಕ: ಸರ, ನಮ್ಮ ಅಪ್ಪಾರು ಮರಾಠಾ ಲೈಟ್ ಇನ್‌ಫೆಂಟ್ರಿ ಹವಾಲ್ದಾರ, 1991ರಾಗ ಪೆನ್ಶನ್ ಬಂದಾರ. ಈಗ ಲಕ್ವಾ ಹೊಡದು ಹಾಸಿಗಿ ಹಿಡದಾರ. ನಮ್ಮವ್ವ ಎರಡನೇದಾಕಿ. ಪಿಪಿಒದಾಗ ಇನ್ನೂ ಮೊದಲನೇ ಅವ್ವನ ಹೆಸರ ಐತಿ, ಅಕಿ ತೀರಿಕೊಂಡಾಳ. ನಮ್ಮವ್ವನ ಹೆಸರ ಹೆಂಗ ಹಚ್ಚೂದ್ರಿ?

ಸುಬೇದಾರ್: ಮೊದಲನೆಯವರು ತೀರಿದ್ದು ಯಾವಾಗ, ಇವರ ಲಗ್ನ ಯಾವಾಗ? ಎರಡೂ ಇಸವಿ ಹೇಳಿ.

ಮಹೇಶ, ತುಮಕೂರು: ಫಾರ್ವರ್ಡ್ ಆಗಿ ಬಂದದ್ದು: ‘ಎರಡನೇ ಪತ್ನಿಯ ಹೆಸರು ಸೇರಿಸಲು ನೋಟರಿ ಅಫಿಡವಿಟ್ ಸಾಕು, ಸ್ಪರ್ಶ್‌ನಲ್ಲಿ ಅಪ್‌ಲೋಡ್ ಮಾಡಿ. ಎಲ್ಲ ಸೈನಿಕ ಬಂಧುಗಳಿಗೂ ಕಳಿಸಿ.’

ರವಿ, ಗೋಕಾಕ: ಲಗ್ನ 1996, ಗುಡಿಯಾಗ ಆಗೇತಿ. ಮೊದಲನೇ ಅವ್ವ ತೀರಿದ್ದು 1998. ನಾ ಹುಟ್ಟಿದ್ದು 1997. ಅಫಿಡವಿಟ್ಟಿನಾಗ ಲಗ್ನ 1999 ಅಂತ ಬರಸಿದ್ರ ನಡೀತದೇನ್ರಿ?

ಸುಬೇದಾರ್: ನಡೆಯಲ್ಲ. ಸುಳ್ಳು ತಾರೀಖು ಬರೆಸಿದರೆ ನಿಮ್ಮ ಶಾಲಾ ದಾಖಲೆಯೇ ಸಾಕ್ಷಿಯಾಗಿ ನಿಲ್ಲುತ್ತೆ: 1997ರ ಜನನ, ತಾಯಿ ಹೆಸರು ಇವರದೇ. ಆಮೇಲೆ ಕೊಟ್ಟ ಹಣವೆಲ್ಲ ವಾಪಸ್, ಮೇಲೆ ಕೇಸು. ಮಹೇಶ್, ನೋಟರಿ ಕಾಗದದಿಂದ ಯಾರಿಗೂ ಮದುವೆ ಆಗಲ್ಲ. ಇಂಥದ್ದನ್ನು ಇನ್ನು ಇಲ್ಲಿ ಹಾಕಬೇಡಿ.

ರವಿ, ಪೂರ್ತಿ ಓದಿ. ಮೊದಲ ಹೆಂಡತಿ ಇದ್ದಾಗ, ವಿಚ್ಛೇದನ ಇಲ್ಲದೆ ಆದ ಲಗ್ನ 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಊರ್ಜಿತವಲ್ಲ. ಆಕೆ ತೀರಿಕೊಂಡರೆ ತಾನಾಗಿ ಸರಿಹೋಗಲ್ಲ. ಇದೇ ಸ್ಥಿತಿಯಲ್ಲಿ ಅಪ್ಪ ಹೋದರೆ ಮಕ್ಕಳಿಗೆ ವಯಸ್ಸಿನ ಮಿತಿಯೊಳಗೆ ಹಕ್ಕುಂಟು, ನಿಮ್ಮವ್ವಗೆ ಪಿಂಚಣಿ ಇಲ್ಲ. ಆದರೆ ಅಪ್ಪ ಇದ್ದಾರೆ, ಇಬ್ಬರಿಗೂ ಈಗ ಬೇರೆ ಸಂಗಾತಿ ಇಲ್ಲ. ಅಂದಮೇಲೆ ಇವತ್ತಿನ ತಾರೀಖಿನಲ್ಲೇ ಹೊಸದಾಗಿ ಮದುವೆ ಆಗಬಹುದು. ಪೆನ್ಶನ್ ಬಂದ ಮೇಲೆ ಆದ ಮದುವೆಗೂ ಕುಟುಂಬ ಪಿಂಚಣಿ ಉಂಟು.

ದಾರಿ ಇದು. ವಿಶೇಷ ವಿವಾಹ ಕಾಯ್ದೆಯಡಿ ವಿವಾಹಾಧಿಕಾರಿಗೆ ನೋಟಿಸ್ ಕೊಡಿ. 30 ದಿನ ಕಾಯಬೇಕು, ಮೂರು ಜನ ಸಾಕ್ಷಿ ಬೇಕು. ಹೆಚ್ಚುವರಿ ಶುಲ್ಕ ಕಟ್ಟಿದರೆ ಅಧಿಕಾರಿ ಹತ್ತಿರದ ಮನೆಗೆ ಬಂದೂ ಮಾಡಿಸಬಹುದು, ಮೊದಲೇ ಮಾತಾಡಿಕೊಳ್ಳಿ. ಅಪ್ಪನ ಮಾತು ಬಿದ್ದಿದ್ದರೂ ಬುದ್ಧಿ ಸ್ಪಷ್ಟವಿದೆ, ಒಪ್ಪಿಗೆ ಕೊಡಬಲ್ಲರು ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ನಾಳೆ ಯಾರಾದರೂ ತಕರಾರು ತೆಗೆದರೆ ಕೆಲಸಕ್ಕೆ ಬರುವುದು ಆ ಕಾಗದ.

ಸರ್ಟಿಫಿಕೇಟ್ ಬಂದ ದಿನವೇ ಬೆಳಗಾವಿಯ ನಿಮ್ಮ ರೆಕಾರ್ಡ್ ಆಫೀಸಿಗೆ ಅಪ್ಪನ ಹೆಸರಲ್ಲಿ ಅರ್ಜಿ. ಜೊತೆಗೆ ಮೊದಲನೆಯವರ ಮರಣ ಪತ್ರ, ವಿವಾಹ ಪತ್ರ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ನಕಲು, ಅವ್ವನ ಆಧಾರ್, ಪ್ಯಾನ್, ಇಬ್ಬರ ಜಂಟಿ ಫೋಟೊ. ಅವರು ಪಾರ್ಟ್ ಟು ಆರ್ಡರ್ (ಸೇವಾ ದಾಖಲೆಯಲ್ಲಿ ಕುಟುಂಬದ ಬದಲಾವಣೆ ಸೇರಿಸುವ ಆದೇಶ) ಹೊರಡಿಸಿದ ಮೇಲೆ ಪ್ರಯಾಗ್‌ರಾಜ್‌ನಿಂದ ತಿದ್ದುಪಡಿ ಪಿಪಿಒ ಬರಬೇಕು. ಪಾರ್ಟ್ ಟು ಆರ್ಡರ್ ಕೈಗೆ ಬಂದ ಕೂಡಲೇ ಕೆಲಸ ಮುಗೀತು ಅಂತ ಸುಮ್ಮನಾಗುವವರೇ ಹೆಚ್ಚು. ಸ್ಪರ್ಶ್‌ನ ಕುಟುಂಬ ವಿವರದಲ್ಲಿ ಅವ್ವನ ಹೆಸರು ಕಾಣುವ ತನಕ ಬೆನ್ನು ಬಿಡಬೇಡಿ. ಆಧಾರ್‌ನಲ್ಲಿ ‘ಲಕ್ಷ್ಮೀಬಾಯಿ’, ವಿವಾಹ ಪತ್ರದಲ್ಲಿ ‘ಲಕ್ಷ್ಮವ್ವ’ ಅಂತ ಆದರೆ ಮತ್ತೆ ಮೊದಲಿಂದ ಸುತ್ತಾಟ.

ಶಂಕರ, ಹಾವೇರಿ: ಸರ್ ಲೈಫ್ ಸರ್ಟಿಫಿಕೇಟ್ ಹೇಗೆ ಕೊಡೋದು?

ಸುಬೇದಾರ್: ಮೇಲಿದೆ.

ಕಾವೇರಮ್ಮ, ಮಡಿಕೇರಿ: ಅಪ್ಪ, ಅಮ್ಮ ಇಬ್ಬರೂ ಇಲ್ಲ. ಅಕ್ಕನಿಗೆ ಡೈವೋರ್ಸ್ ಆದದ್ದು ಅಮ್ಮ ಹೋದ ಮೇಲೆ. ಪಿಂಚಣಿ ಸಿಗ್ತದಾ?

ಸುಬೇದಾರ್: ಕೇಸು ಹಾಕಿದ್ದು ಅಪ್ಪ ಅಥವಾ ಅಮ್ಮ ಬದುಕಿದ್ದಾಗ ಆಗಿದ್ದರೆ ಸಿಗುತ್ತೆ, ಡಿಕ್ರಿ ದಿನದಿಂದ. ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ಡಿಆರ್ (ಪಿಂಚಣಿಗೆ ಸೇರುವ ತುಟ್ಟಿ ಪರಿಹಾರ) ಮೀರಬಾರದು. ಕೇಸು ಹಾಕಿದ ತಾರೀಖಿನ ಕೋರ್ಟ್ ನಕಲು ತೆಗೆಸಿ.

ಪ್ರಕಾಶ, ಬಾಗಲಕೋಟೆ: ಮಗ ಅಗ್ನಿವೀರ. ಅವನಿಗೇನಾದರೂ ಆದರೆ ನಮಗೆ ಫ್ಯಾಮಿಲಿ ಪೆನ್ಶನ್ ಉಂಟಾ?

ಸುಬೇದಾರ್: ಇಲ್ಲ. 48 ಲಕ್ಷದ ವಿಮೆ ಇದೆ. ಸೇವೆಯ ಕಾರಣಕ್ಕೆ ಸಾವಾದರೆ 44 ಲಕ್ಷ ಪರಿಹಾರ ಬೇರೆ. ನಾಮಿನಿ ಹೆಸರು ಸರಿಯಿದೆಯಾ ಅಂತ ಮಗನಿಗೆ ಕೇಳಿ.

ಶಂಕರ, ಹಾವೇರಿ: ನಾಲ್ಕು ವರ್ಷದ ನೌಕರಿಗೆ ಹೆಣ್ಣು ಕೊಡೋರು ಯಾರು?

ಪ್ರಕಾಶ, ಬಾಗಲಕೋಟೆ: ನಿಮ್ಮನ್ನ ಯಾರು ಕೇಳಿದ್ರು? 25% ಜನ ಉಳೀತಾರೆ.

ಶಂಕರ, ಹಾವೇರಿ: ಉಳಿದ 75% ಎಲ್ಲಿ ಹೋಗಬೇಕು, ಸೆಕ್ಯೂರಿಟಿ ಗಾರ್ಡ್ ಕೆಲಸಕ್ಕಾ?

ಪ್ರಕಾಶ, ಬಾಗಲಕೋಟೆ: ಗಾರ್ಡ್ ಕೆಲಸ ಅಂದ್ರೆ ಅಷ್ಟು ಕೀಳೇನ್ರಿ? ನಾಲಿಗೆ ಹಿಡಿತದಲ್ಲಿಡಿ.

ನಿರ್ವಾಹಕ: ಇಬ್ಬರೂ ನಿಲ್ಲಿಸಿ.

ದೀಪಾ, ಬೆಂಗಳೂರು: ಮುತ್ತಜ್ಜ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದು 1918ರಲ್ಲಿ ಮೊದಲನೇ ಮಹಾಯುದ್ಧಕ್ಕೆ ಹೈಫಾಕ್ಕೆ ಹೋಗಿದ್ದರಂತೆ. ದಾಖಲೆ ಎಲ್ಲಿ ಸಿಗುತ್ತೆ?

ಮಹೇಶ, ತುಮಕೂರು: ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ವೆಬ್‌ಸೈಟಿನಲ್ಲಿ ಎಲ್ಲರ ಹೆಸರೂ ಇದೆ.

ಕಾವೇರಮ್ಮ, ಮಡಿಕೇರಿ: ಅಲ್ಲಿರುವುದು ಯುದ್ಧದಲ್ಲಿ ತೀರಿದವರ ಹೆಸರು ಮಾತ್ರ. ವಾಪಸ್ ಬಂದವರು ಅದರಲ್ಲಿ ಸಿಗುವುದಿಲ್ಲ.

ದೀಪಾ, ಬೆಂಗಳೂರು: ವಾಪಸ್ ಬಂದಿದ್ದರು. ಹಾಗಾದರೆ ಎಲ್ಲಿ ಹುಡುಕೋದು? ಸರ್?

ಮಹೇಶ, ತುಮಕೂರು: ತುರ್ತು! ‘ಮೂರು ದಿನದಲ್ಲಿ ಈ ಆ್ಯಪ್ ಹಾಕಿ ಸ್ಪರ್ಶ್ ಕೆವೈಸಿ ಮಾಡದಿದ್ದರೆ ಪಿಂಚಣಿ ಬಂದ್’

ಸುಬೇದಾರ್: ಯಾರೂ ಮುಟ್ಟಬೇಡಿ. ಎಪಿಕೆ ಫೈಲ್ ಅದು, ಪ್ಲೇ ಸ್ಟೋರ್ ಹೊರಗಿಂದ ಆ್ಯಪ್ ಹಾಕಿಸುವಂಥದ್ದು. ಹಾಕಿಕೊಂಡರೆ ಓಟಿಪಿ ಅವರಿಗೆ ಹೋಗುತ್ತೆ, ಖಾತೆ ಖಾಲಿ. ಮಹೇಶ್, ಒಂದು ಸಲ ಹೇಳಿದೆ. ನಿರ್ವಾಹಕರೇ, ಇವರನ್ನು ತೆಗೀರಿ, ಇಲ್ಲ ನಾನು ಹೊರಡ್ತೀನಿ.

ಮಹೇಶ, ತುಮಕೂರು: ಒಳ್ಳೇದಕ್ಕೆ ಹಾಕಿದ್ದು ಸಾರ್. ಇಷ್ಟು ಸಿಟ್ಟು ಯಾಕೆ?

ಶಂಕರ, ಹಾವೇರಿ: ‘ಮೇಲಿದೆ’ ಅಂದ್ರೆ ಎಲ್ಲಿ? ಸರಿಯಾಗಿ ಹೇಳೋಕೆ ಏನು ಕಷ್ಟ?

ರವಿ, ಗೋಕಾಕ: ಸರ, ಅಪ್ಪಾರಿಗೆ ಬಲಗೈ ಎತ್ತಾಕ ಬರಂಗಿಲ್ಲ. ಸಹಿ ಬದಲಿ ಎಡಗೈ ಹೆಬ್ಬಟ್ಟ ನಡೀತದೇನ್ರಿ?

ಸುಬೇದಾರ್: ನಡೆಯುತ್ತೆ. ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಸಹಿ, ಹೆಸರು, ವಿಳಾಸ ಇರಲಿ. ನೋಟಿಸ್ ಸೋಮವಾರವೇ ಕೊಡಿ.