ಅಪ್‌ಡೇಟ್: ತೌಡು ಮುಟ್ಟದ ಹಂದಿಮರಿಗಳು ಈಗ ತೊಟ್ಟಿ ನೆಕ್ಕುತ್ತಿವೆ

30 ಕಿಲೋ ದಾಟಿದ ಮರಿಗಳು ಅಕ್ಕಿ ತೌಡನ್ನು ಮೂಸಿ ಹಿಂದೆ ಸರಿಯುತ್ತವೆ, ಏಕೆ ಎಂದು ಕಳೆದ ತಿಂಗಳು ಕೇಳಿದ್ದೆ. ತಪ್ಪು ನನ್ನದೇ. ಅಗ್ಗಕ್ಕೆ ಸಿಕ್ಕಿತೆಂದು ಎರಡು ತಿಂಗಳಿಗಾಗುವಷ್ಟು ತೌಡು ಪೇರಿಸಿಟ್ಟಿದ್ದೆ. ಗಿರಣಿಯಿಂದ ಹೊರಬಿದ್ದ ಕೂಡಲೇ ಅದರಲ್ಲಿನ ಎಣ್ಣೆ ಕೆಡತೊಡಗುತ್ತದೆಯಂತೆ. ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಮೂಗಿಗೆ ಕಮಟು ವಾಸನೆ.

ಈಗ ವಾರಕ್ಕೊಮ್ಮೆ ಹೊಸ ತೌಡು ತರುತ್ತೇನೆ. 100 ಕಿಲೋ ಆಹಾರಕ್ಕೆ 25 ಕಿಲೋ ತೌಡು, 10 ಕಿಲೋ ಗೋಧಿ ಬೂಸಾ; ಉಳಿದದ್ದು ಮೆಕ್ಕೆಜೋಳದ ನುಚ್ಚು, ಸೋಯಾ ಹಿಂಡಿ, ಖನಿಜ ಮಿಶ್ರಣ. ಮೊದಲು ದುಬಾರಿಯೆಂದು ಸೋಯಾ ಬಿಟ್ಟಿದ್ದಕ್ಕೆ, ತೌಡಿನ ಲೈಸಿನ್ (ಬೆಳವಣಿಗೆಗೆ ಬೇಕಾದ ಪ್ರೋಟೀನಿನ ಒಂದು ಅಂಶ) ಒಂದೇ ಸಾಲದೆಂದು ಪಶುವೈದ್ಯರು ಗದರಿದರು. ತೌಡು ಅತಿಯಾದರೆ ಕೊಬ್ಬು ಮೆತ್ತಗಾಗುತ್ತದೆ ಎಂದೂ ಎಚ್ಚರಿಸಿದರು.

ಮೂರು ವಾರದಲ್ಲಿ ಸರಾಸರಿ 11 ಕಿಲೋ ಏರಿದೆ. ಒಂದು ಮರಿ ಮಾತ್ರ ಇನ್ನೂ ಮುನಿಸಿಕೊಂಡಿದೆ. ಜಂತಿನ ಔಷಧ ಕೊಟ್ಟು ಕಾಯುತ್ತಿದ್ದೇನೆ.